ರಕ್ಕಸನನ್ನು ತಡವಾಗಿ ತೋರಿಸಿ

ದೆವ್ವದ ಕಥೆ ತೆಗೆಯುವ ನಿರ್ದೇಶಕನಿಗೆ ನಮ್ಮೂರಿನ ಮದುವೆ ಮನೆಗಳಲ್ಲಿ ಸಿಗುವ ಮರ್ಯಾದೆ ಅಷ್ಟಕ್ಕಷ್ಟೆ. ಅತ್ತೆ ಸೊಸೆಯರ ಧಾರಾವಾಹಿ ಮಾಡುವವನನ್ನು ಪಕ್ಕದಲ್ಲಿ ಕೂರಿಸಿಕೊಂಡು ‘ಮುಂದೇನಾಗುತ್ತದೆ ಮಾರಾಯ್ರೇ’ ಎಂದು ಕೇಳುವವರು, ನನ್ನನ್ನು ‘ನಿಮಗೆ ರಾತ್ರಿ ನಿದ್ದೆ ಬರುತ್ತದೆಯೇ’ ಎಂದು ಕೇಳುತ್ತಾರೆ. ಚೆನ್ನಾಗಿಯೇ ಬರುತ್ತದೆ. ಹಾರರ್, ಸಸ್ಪೆನ್ಸ್, ಪತ್ತೇದಾರಿ, ಈ ಮೂರರಲ್ಲೇ ನನ್ನ ಹೊಟ್ಟೆಪಾಡು ನಡೆದಿದೆ. ಮೊದಲು ಮುಂಬಯಿಯಲ್ಲಿ ಸಹಾಯಕ, ಆಮೇಲೆ ಬೆಂಗಳೂರಿನಲ್ಲಿ ಧಾರಾವಾಹಿಗಳ ಸಂಚಿಕೆ ನಿರ್ದೇಶಕ, ಈಗ ಉಡುಪಿಯಲ್ಲಿ ಕುಳಿತು ಸಣ್ಣ ಬಜೆಟ್ಟಿನ ಸಿನಿಮಾ ಮಾಡುವವನು.

ಹೆದರಿಸುವುದು ಹೇಗೆ ಎಂಬ ಪಾಠ ನನಗೆ ಸಿಕ್ಕಿದ್ದು ಯಕ್ಷಗಾನದ ಬಣ್ಣದ ವೇಷದಿಂದ, ಅಂದರೆ ರಕ್ಕಸ ಪಾತ್ರದಿಂದ. ಯಕ್ಷಗಾನದ ತೆಂಕಣ ಶೈಲಿಯಾದ ತೆಂಕುತಿಟ್ಟಿನ ರಕ್ಕಸನನ್ನು ಚೌಕಿಯಲ್ಲಿ, ಅಂದರೆ ಬಣ್ಣ ಹಚ್ಚುವ ಕೋಣೆಯಲ್ಲಿ, ಹತ್ತಿರದಿಂದ ನೋಡಿದವರಿಗೆ ಗೊತ್ತು: ಅಕ್ಕಿ ಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಮುಳ್ಳು ಮುಳ್ಳಾಗಿ ಚುಟ್ಟಿ ಇಡುವುದಕ್ಕೇ ಗಂಟೆಗಟ್ಟಲೆ ಬೇಕು. ಅಷ್ಟು ಶ್ರಮದ ಮುಖವನ್ನು ಕಲಾವಿದ ರಂಗಕ್ಕೆ ಬಂದ ಕೂಡಲೇ ತೋರಿಸುವುದಿಲ್ಲ. ಮೊದಲು ಚೆಂಡೆಯ ಪೆಟ್ಟು ಬದಲಾಗುತ್ತದೆ. ಇಬ್ಬರು ತೆರೆ ಹಿಡಿಯುತ್ತಾರೆ. ತೆರೆಯ ಮೇಲಂಚಿನಲ್ಲಿ ಕಿರೀಟದ ತುದಿ, ಆಮೇಲೆ ಬೆರಳುಗಳು, ನಡುವೆ ಒಂದು ಅಬ್ಬರ. ತೆರೆ ಒಮ್ಮೆ ತಗ್ಗಿ ಮತ್ತೆ ಏರುತ್ತದೆ. ಮುಖ ಕಂಡಿತು ಎನ್ನುವಷ್ಟರಲ್ಲಿ ಬೆನ್ನು. ಕೆಲವು ಪ್ರಸಂಗಗಳಲ್ಲಿ ರಕ್ಕಸ ರಂಗದ ಕಡೆಯಿಂದ ಬರುವುದೇ ಇಲ್ಲ. ಪ್ರೇಕ್ಷಕರ ಬೆನ್ನ ಹಿಂದಿನಿಂದ ದೊಂದಿ ಹಿಡಿದು, ರಾಳದ ಪುಡಿ ಎರಚಿ ಬೆಂಕಿ ಭಗ್ಗನೆ ಏಳಿಸುತ್ತ ಬರುತ್ತಾನೆ. ನಿದ್ದೆಗಣ್ಣಿನಲ್ಲಿ ಚಾಪೆಯ ಮೇಲೆ ಬಿದ್ದಿದ್ದ ಮಕ್ಕಳು ಎದ್ದು ಅಮ್ಮನ ಸೆರಗು ಹಿಡಿಯುವುದು ಆಗಲೇ. ಮುಂದೆ ಚಿತ್ರಕಥೆ, ಸಂಕಲನ ಎಂದು ಏನೇ ಓದಿದರೂ ನನಗೆ ಅದೆಲ್ಲ ಈ ತೆರೆಯ ವ್ಯಾಖ್ಯಾನವೆಂದೇ ಕಂಡಿದೆ. ಮುಖಕ್ಕೆ ಎಷ್ಟು ಖರ್ಚು ಮಾಡಿದ್ದೀರೋ ಅಷ್ಟು ತಡವಾಗಿ ತೋರಿಸಿ.

ಮುಂಬಯಿಗೆ ಹೋದದ್ದು, ಕರಾವಳಿಯ ಎಲ್ಲರಂತೆ, ಹೋಟೆಲಿನ ನೆಂಟರ ಆಸರೆಯಿಂದ. 1993ರಲ್ಲಿ ಝೀ ಟಿವಿಯಲ್ಲಿ ರಾಮ್ಸೆ ಸಹೋದರರ ಹಾರರ್ ಶೋ ಬಂದಿತ್ತು, 1995ರಲ್ಲಿ ಸೋನಿಯಲ್ಲಿ ‘ಆಹಟ್’ ಶುರುವಾಯಿತು. ಅವುಗಳ ಯಶಸ್ಸು ನೋಡಿ ಹುಟ್ಟಿಕೊಂಡ ಹತ್ತಾರು ಯೂನಿಟ್ಟುಗಳಲ್ಲಿ ಒಂದರಲ್ಲಿ ನಾನು ಕ್ಲ್ಯಾಪ್ ಹಿಡಿದೆ. ಅಲ್ಲಿನ ಹಿರಿಯ ತಂತ್ರಜ್ಞರ ಬಾಯಲ್ಲಿ ರಾಮ್ಸೆಗಳ ಕಥೆ ದಿನಕ್ಕೊಂದು. ಏಳು ಜನ ಅಣ್ಣತಮ್ಮಂದಿರು. ತುಳಸಿ, ಶ್ಯಾಮ್ ನಿರ್ದೇಶನಕ್ಕೆ, ಗಂಗು ಕ್ಯಾಮೆರಾಕ್ಕೆ, ಕಿರಣ್ ಶಬ್ದಕ್ಕೆ, ಕುಮಾರ್ ಬರವಣಿಗೆಗೆ, ಹೀಗೆ ಮನೆಯೊಳಗೇ ಯೂನಿಟ್ಟು. 1972ರ ಅವರ ‘ದೋ ಗಜ್ ಜಮೀನ್ ಕೆ ನೀಚೆ’ಗೆ ಮನೆಮಂದಿಯೆಲ್ಲ ಸೇರಿ ಸಣ್ಣ ತಂಡದೊಂದಿಗೆ ಮಹಾಬಲೇಶ್ವರಕ್ಕೆ ಹೋಗಿ ಚಿತ್ರೀಕರಿಸಿದರು. ದೊಡ್ಡ ವಿಮರ್ಶಕರು ಮೂಗು ಮುರಿದರು, ಸಣ್ಣ ಊರುಗಳ ಥಿಯೇಟರುಗಳು ತುಂಬಿದವು. ಅವರ ಸಿನಿಮಾಗಳ ರುಚಿ ನನಗೂ ಪೂರ್ತಿ ಹಿಡಿಸಿದ್ದಲ್ಲ. ಸ್ನಾನದ ದೃಶ್ಯ ಮತ್ತು ಹಾಸ್ಯದ ತುಣುಕುಗಳನ್ನು ತೆಗೆದರೆ ಅರ್ಧ ಗಂಟೆ ಉಳಿತಾಯವಾಗುತ್ತಿತ್ತು. ಆದರೆ ತಾರೆಯರಿಲ್ಲದೆ ಜನ ಟಿಕೆಟು ಕೊಳ್ಳುವ ಪ್ರಕಾರ ಇದೊಂದೇ ಎಂಬುದನ್ನು ಅವರಷ್ಟು ಸ್ಪಷ್ಟವಾಗಿ ತಿಳಿದವರು ಹಿಂದಿಯಲ್ಲಿ ಇನ್ನೊಬ್ಬರಿರಲಿಲ್ಲ.

ಬೆಂಗಳೂರಿನ ಧಾರಾವಾಹಿ ಲೋಕ ಬೇರೆಯೇ ತರಬೇತಿ. ಅರ್ಧ ಗಂಟೆಯ ಸ್ಲಾಟಿನಲ್ಲಿ ಜಾಹೀರಾತು ಕಳೆದರೆ ನಮಗೆ ಉಳಿಯುವುದು ಸುಮಾರು 22 ನಿಮಿಷ. ಆ 22 ನಿಮಿಷದೊಳಗೆ ಪ್ರತಿ ಬ್ರೇಕಿಗೂ ನೋಡುಗನನ್ನು ಹಿಡಿದಿಡುವ ಒಂದು ಹುಕ್ ಬೇಕು, ಕೊನೆಗೆ ಎಲ್ಲಕ್ಕಿಂತ ದೊಡ್ಡದೊಂದು. ಕೌಟುಂಬಿಕ ಕಥೆಗೆ ಇದು ಒಗ್ಗುತ್ತದೆ, ಹಾರರ್‌ಗೆ ವಿಷ. ಬಾಗಿಲು ನಿಧಾನಕ್ಕೆ ತೆರೆಯುವಾಗ ಸೋಪಿನ ಜಾಹೀರಾತು ಬಂದರೆ ಕಟ್ಟಿದ ಭಯವೆಲ್ಲ ನೊರೆಯೊಂದಿಗೆ ಹೋಗುತ್ತದೆ. ಹಾಗಾಗಿ ನಾನು ಹೆದರಿಸುವ ಕ್ಷಣವನ್ನು ಬ್ರೇಕಿಗೆ ಇಡುವುದನ್ನೇ ಬಿಟ್ಟೆ. ಬ್ರೇಕಿಗೆ ಒಂದು ಪ್ರಶ್ನೆ ಇಡುತ್ತಿದ್ದೆ: ಅಟ್ಟದ ಕೀಲಿ ಎಲ್ಲಿ, ಫೋಟೋದಲ್ಲಿ ಮೂರನೆಯವಳು ಯಾರು. ಭಯವನ್ನು ಬ್ರೇಕಿನ ನಂತರದ ಎರಡನೇ ಅಥವಾ ಮೂರನೇ ನಿಮಿಷಕ್ಕೆ ಇಡುತ್ತಿದ್ದೆ. ಅಡುಗೆಮನೆಗೆ ಹೋದವರು ಬಂದು ಕುಳಿತು, ರಿಮೋಟು ಕೆಳಗಿಟ್ಟಿರುತ್ತಾರೆ.

ಶಬ್ದವೂ ಅಷ್ಟೆ. ಥಿಯೇಟರಿನಲ್ಲಿ ಎದೆ ನಡುಗಿಸುವ ಆ ಗುಂಯ್ ಎಂಬ ತಳಸ್ವರ ಸಬ್‌ವೂಫರಿನ ಕೊಡುಗೆ. 5.1 ಮಿಶ್ರಣದಲ್ಲಿ ಅದಕ್ಕೆಂದೇ ಪ್ರತ್ಯೇಕ ಚಾನೆಲ್ ಇದೆ, ಸುಮಾರು 120 ಹರ್ಟ್ಸ್‌ಗಿಂತ ಕೆಳಗಿನ ಸದ್ದಿಗೆ. ತೆಳ್ಳಗಿನ ಟಿವಿಯ ಸ್ಪೀಕರಿನಲ್ಲಿ ಅದರ ಬಹುಪಾಲು ಕೇಳಿಸುವುದೇ ಇಲ್ಲ. ಸ್ಟುಡಿಯೋದ ದೊಡ್ಡ ಸ್ಪೀಕರಿನಲ್ಲಿ ಕೇಳಿ ಖುಷಿಪಟ್ಟ ದೃಶ್ಯ ಮನೆಯಲ್ಲಿ ಮೂಕಿಚಿತ್ರ. ಟಿವಿಗೆ ಬೇಕಾದದ್ದು ನಡುವಿನ ಸ್ವರದ ಸದ್ದುಗಳು: ಗೆಜ್ಜೆ, ಬಳೆ, ಮರದ ಕೊಂಡಿ, ಉಗುರಿನ ಗೀರು, ಬಾವಿಯ ರಾಟೆ. ಇಂದಿಗೂ ಮಿಶ್ರಣ ಮುಗಿದ ಮೇಲೆ ಒಂದು ಅಗ್ಗದ ಟಿವಿಯಲ್ಲಿ, ಫ್ಯಾನು ಹಾಕಿಕೊಂಡು, ಇನ್ನೊಮ್ಮೆ ಕೇಳಿಯೇ ಒಪ್ಪುತ್ತೇನೆ.

ಗುರುವಾರ ಬಂತೆಂದರೆ ಟಿಆರ್‌ಪಿ. ಅಂಕಿ ಇಳಿದರೆ ಕಥೆಯೊಳಗಿನ ಪ್ರೇತಕ್ಕೂ ನೆಮ್ಮದಿಯಿಲ್ಲ. ಶುಕ್ರವಾರದ ಮೀಟಿಂಗಿನಲ್ಲಿ ಅದಕ್ಕೊಬ್ಬ ಅವಳಿ ತಂಗಿ ಹುಟ್ಟುತ್ತಾಳೆ. ಒಂದು ವಾಹಿನಿಯವರು ಒಮ್ಮೆ, ಸತ್ತವಳು ನಿಜವಾಗಿ ಸತ್ತಿರಲಿಲ್ಲ ಎಂದು ಮಾಡಿ ಎಂದರು. ಚಿತೆಗೆ ಬೆಂಕಿ ಇಟ್ಟದ್ದನ್ನು ನಾವು ಎರಡು ಸಂಚಿಕೆ ತೋರಿಸಿದ್ದೆವು. ಮಾಡಿದೆವು. ಅಂಕಿ ಏರಿತು. ಜಗಳ ಕಾಯಲು ಆ ದಿನಗಳಲ್ಲಿ ನನಗೆ ಪುರಸೊತ್ತಿರಲಿಲ್ಲ, ಮುಂಚಿತವಾಗಿ ತೆಗೆದಿಟ್ಟ ಸಂಚಿಕೆಗಳ ದಾಸ್ತಾನು (ನಮ್ಮ ಭಾಷೆಯಲ್ಲಿ ಬ್ಯಾಂಕಿಂಗ್) ಮುಗಿದು ಮರುದಿನದ ಸಂಚಿಕೆಗೇ ಗತಿಯಿಲ್ಲದ ಪರಿಸ್ಥಿತಿ. ಆದರೆ ವೇಗ ಅಲ್ಲೇ ಬಂತು. ಮೂರು ಕ್ಯಾಮೆರಾ ಇಟ್ಟು ಒಂದು ದೃಶ್ಯವನ್ನು ಮನಸ್ಸಿನೊಳಗೇ ಕತ್ತರಿಸುತ್ತ ತೆಗೆಯುವ ಅಭ್ಯಾಸ ಇಂದು ನನ್ನ ಸಿನಿಮಾದ ನಿರ್ಮಾಪಕರ ಹಣ ಉಳಿಸುತ್ತದೆ.

ಉಡುಪಿಗೆ ಮರಳಿದ ಮೇಲೆ ನನ್ನ ದೊಡ್ಡ ಸಹ ನಿರ್ದೇಶಕ ಹವಾಮಾನ. ಹೊರಗಿನಿಂದ ಬರುವ ತಂಡಗಳು ಕರಾವಳಿಯ ಮಳೆಯನ್ನು ನೋಡಿ ಮೈಮರೆಯುತ್ತವೆ, ತೆಗೆದ ದೃಶ್ಯದಲ್ಲಿ ಮಳೆಯೇ ಇರುವುದಿಲ್ಲ. ಮಳೆಹನಿ ಕ್ಯಾಮೆರಾಕ್ಕೆ ಕಾಣಬೇಕಾದರೆ ಹಿಂದಿನಿಂದ ಬೆಳಕು ಬೀಳಬೇಕು. ಮುಂದಿನಿಂದ ದೀಪ ಹಾಕಿದರೆ ಆಟಿ ತಿಂಗಳ (ಜುಲೈ-ಆಗಸ್ಟ್) ಜಡಿಮಳೆಯೂ ಮಾಯ. ನಾನು ಅಂಗಳದಾಚೆ ತೆಂಗಿನ ಮರದ ಮರೆಯಲ್ಲಿ ಒಂದು ದೀಪ ಕಟ್ಟಿಸಿ, ಕಲಾವಿದರನ್ನು ಅದಕ್ಕೆ ಬೆನ್ನು ಮಾಡಿ ನಿಲ್ಲಿಸುತ್ತೇನೆ. ಆಗ ಭುಜದ ಮೇಲೆ ಸಿಡಿಯುವ ಹನಿ ಕೂಡ ಲೆಕ್ಕಕ್ಕೆ ಸಿಗುತ್ತದೆ. ಕ್ಯಾಮೆರಾವನ್ನು ರಾತ್ರಿ ಎಸಿ ಕೋಣೆಯಲ್ಲಿ ಇಡಬಾರದು. ಬೆಳಿಗ್ಗೆ ಹೊರಗೆ ತಂದ ಕೂಡಲೇ ಲೆನ್ಸಿನ ಮೇಲೆ ಮಂಜು ಕೂತು ಅರ್ಧ ಗಂಟೆ ಕೈಕಟ್ಟಿ ನಿಲ್ಲಬೇಕಾಗುತ್ತದೆ. ಹಂಚಿನ ಮಾಡಿನ ಕೆಳಗೆ ಜುಲೈಯಲ್ಲಿ ಸ್ಥಳದ ಧ್ವನಿ ಹಿಡಿಯುವ ಆಸೆಯನ್ನೂ ಬಿಡಬೇಕು. ಸಂಭಾಷಣೆ ಡಬ್ಬಿಂಗಿಗೆ ಬಿಟ್ಟು, ಹಂಚಿನ ಮೇಲಿನ ಮಳೆಯನ್ನು ಮಾತ್ರ ಬೇರೆಯಾಗಿ ಮುದ್ರಿಸಿಕೊಳ್ಳುತ್ತೇವೆ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರುಮಾಡುವಾಗ ಅದೊಂದು ಸಂಗೀತ ವಾದ್ಯವೂ ಆಗುತ್ತದೆಂದು ಎಣಿಸಿರಲಾರರು.

ಮಳೆಗಾಲದ ಹೊರಗೆ ಗಾಳಿಯ ಲೆಕ್ಕ. ಹಗಲೆಲ್ಲ ಕಡಲಿನಿಂದ ನೆಲಕ್ಕೆ, ರಾತ್ರಿ ನೆಲದಿಂದ ಕಡಲಿಗೆ. ಈ ಎರಡರ ನಡುವೆ, ಸೂರ್ಯ ಮುಳುಗಿದ ಮೇಲೆ, ಗಾಳಿ ಸತ್ತು ನಿಲ್ಲುವ ಹೊತ್ತೊಂದಿದೆ. ಹೊಗೆಯಂತ್ರದ ಮಂಜು ನೆಲ ಬಿಟ್ಟೇಳದೆ ತೆಂಗಿನ ಬುಡಗಳಲ್ಲಿ ಸುತ್ತಿಕೊಳ್ಳುವುದು ಆಗ ಮಾತ್ರ. ಗಾಳಿ ಬಂದಾಗ ತೂರಿಕೋ ಎನ್ನುವ ಗಾದೆ ನಮ್ಮ ಯೂನಿಟ್ಟಿನಲ್ಲಿ ತಿರುವುಮುರುವು. ಆ ಹೊತ್ತಿಗೆ ಊಟ, ಚಹಾ, ಫೋನು ಏನೂ ಇಲ್ಲ. ಮಧ್ಯಾಹ್ನವೇ ಟ್ರಾಲಿ ಹಳಿ ಹಾಸಿ ಅಭ್ಯಾಸ ಮುಗಿಸಿರುತ್ತೇವೆ.

ಮನೆ ಸಿಗುವುದು ಇದಕ್ಕಿಂತ ಕಷ್ಟ. ಗುತ್ತಿನ ಮನೆಯ, ಅಂದರೆ ಊರಿನ ಹಳೆಯ ದೊಡ್ಡ ಮನೆತನದ ಮನೆಯ, ಚಾವಡಿ, ಕಂಬ, ಒಳಗಿನ ಅರೆಗತ್ತಲೆ ಎಲ್ಲ ನನಗೆ ಬೇಕು, ಆದರೆ ‘ನಾಳೆ ನಮ್ಮ ಮನೆಯಲ್ಲೇ ದೆವ್ವ ಇದೆ ಎಂದರೆ ಮಕ್ಕಳಿಗೆ ಸಂಬಂಧ ಕೂಡಿಬರುತ್ತದೆಯೇ’ ಎಂದು ಕೇಳುವ ಯಜಮಾನರಿಗೆ ಏನು ಹೇಳಲಿ? ಅವರ ಪ್ರಶ್ನೆ ಸರಿಯಾಗಿಯೇ ಇದೆ. ಒಬ್ಬರು ಷರತ್ತು ಹಾಕಿ ಒಪ್ಪಿದರು: ಕೊನೆಗೆ ಕಥೆಯ ಆ ದೆವ್ವದ ಹೆಂಗಸು ಮನೆ ಬಿಟ್ಟು ಹೋಗಬೇಕು, ಹೋಗುವುದು ಕಾಣಬೇಕು. ಚಿತ್ರಕಥೆಯಲ್ಲಿ ಅವಳು ಉಳಿಯುವವಳಿದ್ದಳು. ಯಜಮಾನರ ಮಾತಿನಂತೆ ಅವಳು ಹೆಬ್ಬಾಗಿಲು ದಾಟಿ, ಗದ್ದೆಯ ಹುಣಿಯ ಮೇಲೆ ನಡೆದು ಹೋಗುವುದನ್ನು ತೆಗೆದೆವು. ಸಿನಿಮಾದಲ್ಲಿ ಜನ ಹೆಚ್ಚು ಮಾತಾಡಿದ್ದು ಆ ದೃಶ್ಯದ ಬಗ್ಗೆಯೇ.

2022ರಲ್ಲಿ ‘ಕಾಂತಾರ’ ದೇಶವಿಡೀ ಓಡಿದ ಮೇಲೆ ನನ್ನ ಬಳಿ ಬರುವ ಪ್ರತಿ ನಿರ್ಮಾಪಕರೂ ದೈವದ ಕೋಲ ಕೇಳುತ್ತಾರೆ. ಬೆಚ್ಚಿಬೀಳಿಸಲು ಪಂಜುರ್ಲಿ, ಗುಳಿಗ ದೈವಗಳೇ ಸಾಕಲ್ಲವೇ ಎನ್ನುತ್ತಾರೆ. ನಾನು ಒಲ್ಲೆ. ದೈವ ನುಡಿ ಕೊಡುತ್ತದೆ, ಅಣ್ಣತಮ್ಮಂದಿರ ವ್ಯಾಜ್ಯ ತೀರಿಸುತ್ತದೆ. ಊರವರು ಕೈಮುಗಿದು ನಿಲ್ಲುವ ಶಕ್ತಿಯನ್ನು ಕಿಟಕಿಯಾಚೆ ಹಲ್ಲು ಕಿರಿಯಲು ನಿಲ್ಲಿಸಿದರೆ ಇಲ್ಲಿನ ಪ್ರೇಕ್ಷಕ ಹೆದರುವುದಿಲ್ಲ, ಎದ್ದು ಹೋಗುತ್ತಾನೆ. ಪ್ರೇತದ ಕಥೆ ಬೇಕಾದರೆ ತುಳುನಾಡಿನಲ್ಲಿ ಕುಲೆಗಳಿವೆ, ಅಂದರೆ ಸತ್ತವರ ಆತ್ಮಗಳು. ಆಟಿ ತಿಂಗಳಲ್ಲಿ ಸತ್ತವರಿಗೆ ಅಗೆಲು ಎಂಬ ಎಡೆ ಬಡಿಸುತ್ತಾರೆ. ಮದುವೆಯಾಗದೆ ತೀರಿಕೊಂಡ ಮಗಳಿಗೆ, ಬದುಕಿದ್ದರೆ ಇಷ್ಟು ವಯಸ್ಸಾಗುತ್ತಿತ್ತು ಎಂದು ಲೆಕ್ಕ ಹಾಕಿ, ಹಾಗೆಯೇ ತೀರಿಕೊಂಡ ವರನನ್ನು ಹುಡುಕಿ ಮದುವೆ ಮಾಡುತ್ತಾರೆ. ಮದುಮಗಳ ಜಾಗದಲ್ಲಿ ಸೀರೆ, ಬಳೆ, ಒಂದು ಚೆಂಡು ಮಲ್ಲಿಗೆ. ಅದರ ಮುಂದೆ ಕುಳಿತ ತಾಯಿಯ ಮೇಲೆ ಕ್ಯಾಮೆರಾ ಇಟ್ಟು ಸುಮ್ಮನಿದ್ದರೆ ಸಾಕು. ರಕ್ತದ ಬಾಟಲಿ ಯೂನಿಟ್ಟಿನ ವ್ಯಾನಿನಲ್ಲೇ ಇರಲಿ.

ಕಡಿಮೆ ರಕ್ತಕ್ಕೆ ವ್ಯವಹಾರದ ಕಾರಣವೂ ಇದೆ. ವಯಸ್ಕರಿಗೆ ಮಾತ್ರ ಎನ್ನುವ ‘ಎ’ ಪ್ರಮಾಣಪತ್ರ ಸಿಕ್ಕ ಸಿನಿಮಾ ಟಿವಿಗೆ ಹಾಗೆಯೇ ಹೋಗುವಂತಿಲ್ಲ. ಕತ್ತರಿಸಿ, ಮತ್ತೆ ಸೆನ್ಸಾರ್ ಮಂಡಳಿಯ ಮುಂದೆ ಇಟ್ಟು, ಬೇರೆ ಪ್ರಮಾಣಪತ್ರ ಪಡೆಯಬೇಕು. ನಮ್ಮಂಥ ಬಜೆಟ್ಟಿನಲ್ಲಿ ಟಿವಿ ಹಕ್ಕಿನ ಹಣ ಬಿಟ್ಟರೆ ಬಡ್ಡಿಯೂ ಹುಟ್ಟುವುದಿಲ್ಲ. 2023ರ ಕಾಯ್ದೆ ತಿದ್ದುಪಡಿಯ ನಂತರ ಹಿರಿಯರ ಮಾರ್ಗದರ್ಶನದಲ್ಲಿ ಮಕ್ಕಳೂ ನೋಡಬಹುದಾದ ಯುಎ ವರ್ಗದಲ್ಲೇ 7, 13, 16 ವರ್ಷದ ಮೂರು ಮೆಟ್ಟಿಲು ಬಂದಿವೆ. ನಾನು 13ರ ಮೆಟ್ಟಿಲನ್ನು ಗುರಿ ಇಟ್ಟುಕೊಂಡೇ ದೃಶ್ಯ ಬರೆಯುತ್ತೇನೆ.

ಇನ್ನೊಂದು ಮಾತು ಸಂಕಲನಕಾರರಿಗೆ. ಹೆದರಿದ ಪ್ರೇಕ್ಷಕ ಮರುಕ್ಷಣ ನಗುತ್ತಾನೆ. ಪಕ್ಕದವನು ಕಿರುಚಿದ್ದಕ್ಕೆ, ತಾನು ಕಿರುಚಿದ್ದಕ್ಕೆ. ತುಳು ಹಾಸ್ಯ ನಾಟಕಗಳಿಗೆ ಪಳಗಿದ ಮಂಗಳೂರಿನ ಥಿಯೇಟರಿನಲ್ಲಿ ಆ ನಗು ಇನ್ನಷ್ಟು ಜೋರು. ಆ ನಗುವಿನ ಅಡಿಯಲ್ಲಿ ಕಥೆಯ ಮುಖ್ಯ ಮಾತು ಹೂತುಹೋಗದಂತೆ ನಾಲ್ಕೈದು ಸೆಕೆಂಡು ಖಾಲಿ ಬಿಡಬೇಕು.

ಮುಂದಿನ ಚಿತ್ರಕ್ಕೆ ಚೆಂಡೆಯವರೂ ಒಬ್ಬ ಬಣ್ಣದ ವೇಷಧಾರಿಯೂ ಬೇಕಾಗಿದ್ದಾರೆ. ಮೇಳಗಳು ತಿರುಗಾಟದಲ್ಲಿರುವಾಗ ಅವರನ್ನು ಕೇಳುವ ಹಾಗಿಲ್ಲ. ಮೇ ಕೊನೆಯ ಪತ್ತನಾಜೆಗೆ, ಅಂದರೆ ತಿರುಗಾಟ ಮುಗಿಯುವ ದಿನಕ್ಕೆ, ಗೆಜ್ಜೆ ಬಿಚ್ಚುತ್ತಾರೆ, ಜೂನ್ ಮೊದಲ ವಾರಕ್ಕೆ ಮಳೆ ಹಿಡಿಯುತ್ತದೆ. ನಡುವಿನ ಆ ಸಣ್ಣ ಸಂದಿಯಲ್ಲಿ ಒಡ್ಡೋಲಗದ, ಅಂದರೆ ವೇಷ ರಂಗಕ್ಕೆ ಬರುವ, ದೃಶ್ಯ ಮುಗಿಸಬೇಕು. ಉಳಿದದ್ದಕ್ಕೆ ಜೂನ್, ಜುಲೈ ಇದ್ದೇ ಇದೆ. ಆಗ ಮೀನುಗಾರಿಕೆ ನಿಷೇಧದಿಂದ ಮಲ್ಪೆ ಬಂದರಿನಲ್ಲಿ ಬೋಟುಗಳು ಒತ್ತೊತ್ತಾಗಿ ನಿಂತಿರುತ್ತವೆ, ಬೋಟಿನಿಂದ ಬೋಟಿಗೆ ಹಾರುತ್ತ ಓಡುವ ಬೆನ್ನಟ್ಟುವ ದೃಶ್ಯಕ್ಕೆ ಒಬ್ಬ ಮಾಲೀಕರೊಂದಿಗೆ ಮಾತಾಡಿದ್ದೇನೆ. ಅವರದ್ದೂ ಷರತ್ತಿದೆ: ಬೋಟಿನ ಹೆಸರು ಕಾಣಬಾರದು.