ಎಸ್‌ಎಸ್‌ಡಿ ಹಾಕುತ್ತೀರಾ? ಹಳೇ ಡಿಸ್ಕ್ ಮೊದಲು ಹೊರಗಿಡಿ

ನಮ್ಮ ಭಾವ ತಮ್ಮ ಲ್ಯಾಪ್‌ಟಾಪಿಗೆ ತಾವೇ ಎಸ್‌ಎಸ್‌ಡಿ, ಅಂದರೆ ಹಾರ್ಡ್ ಡಿಸ್ಕಿನ ಕೆಲಸ ಮಾಡುವ ಚಿಪ್ಪಿನ ಡಿಸ್ಕ್, ಹಾಕಿಕೊಂಡರು. ವಿಂಡೋಸ್ ಕೂಡ ತಾವೇ ಹಾಕಿದರು. ಆರು ತಿಂಗಳು ಚೆನ್ನಾಗಿ ಓಡಿತು. ಆಮೇಲೆ ಒಂದು ಭಾನುವಾರ, ಒಳಗೆ ಸುಮ್ನೆ ಕೂತಿದ್ದ ಹಳೇ ಹಾರ್ಡ್ ಡಿಸ್ಕನ್ನು ಬಿಚ್ಚಿ ತೆಗೆದರು. ಅಷ್ಟೇ, ಲ್ಯಾಪ್‌ಟಾಪ್ ಏಳಲೇ ಇಲ್ಲ. 'ಎಸ್‌ಎಸ್‌ಡಿ ಸತ್ತೋಯ್ತು ಕಣಯ್ಯಾ' ಎಂದು ಫೋನ್ ಬಂತು. ಎಸ್‌ಎಸ್‌ಡಿಗೆ ಏನೂ ಆಗಿರಲಿಲ್ಲ. ತಪ್ಪು ಆರು ತಿಂಗಳ ಹಿಂದೆಯೇ ಆಗಿತ್ತು. ಏನದು ಅಂತ ಆ ಹಂತ ಬಂದಾಗ ಹೇಳುತ್ತೇನೆ.

ಹಳೇ ಲ್ಯಾಪ್‌ಟಾಪ್ ನಿಧಾನವಾಗಲು ಮುಖ್ಯ ಕಾರಣ ಒಳಗೆ ನಿಮಿಷಕ್ಕೆ 5400 ಸುತ್ತು ತಿರುಗುವ ತಟ್ಟೆ. ಪ್ರತಿ ಸಣ್ಣ ಫೈಲಿಗೂ ಅದರ ಮುಳ್ಳು ಅತ್ತಿಂದಿತ್ತ ಓಡಾಡಬೇಕು. ವಿಂಡೋಸ್ ಶುರುವಾಗುವಾಗ ಇಂಥ ಸಾವಿರಾರು ಫೈಲು ಬೇಕು. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ. ಹೊಸ ಲ್ಯಾಪ್‌ಟಾಪ್ ಕೊಳ್ಳುವ ಮುಂಚೆ ಇದನ್ನು ಮಾಡಿ ನೋಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಹಂತ 1: ಯಾವುದು ಕೂರುತ್ತದೆ?

ಎರಡು ಆಕಾರ ಇವೆ. ಒಂದು, ಹಳೇ ಹಾರ್ಡ್ ಡಿಸ್ಕಿನಂತೆಯೇ ಇರುವ 2.5 ಇಂಚಿನ ಸಾಟಾ ಡಬ್ಬಿ. ಇನ್ನೊಂದು ಎಂ.2, ಚೂಯಿಂಗ್ ಗಮ್ ಪಟ್ಟಿಯಂಥದ್ದು. ಅದರ ಮೇಲೆ 2280 ಎಂದಿದ್ದರೆ 22 ಮಿ.ಮೀ. ಅಗಲ, 80 ಮಿ.ಮೀ. ಉದ್ದ ಎಂದರ್ಥ.

ಎಂ.2 ಕೊಳ್ಳುವಾಗ ಜನ ಎಡವುತ್ತಾರೆ. ಎಂ.2 ಎನ್ನುವುದು ಬರೀ ಆಕಾರ. ಅದರಲ್ಲಿ ಡೇಟಾ ಸಾಗಿಸುವ ಬಗೆ ಎರಡು: ಹಳೇ ಸಾಟಾ, ಅದಕ್ಕಿಂತ ವೇಗದ ಎನ್‌ವಿಎಂಇ. ಸಾಮಾನ್ಯವಾಗಿ ಚಿನ್ನದ ಬಣ್ಣದ ತುದಿಯಲ್ಲಿ ಎರಡು ಕಚ್ಚು ಇದ್ದರೆ ಸಾಟಾ, ಒಂದೇ ಇದ್ದರೆ ಎನ್‌ವಿಎಂಇ. ಎರಡು ಕಚ್ಚಿನದು ಎನ್‌ವಿಎಂಇ ಜಾಗದಲ್ಲೂ ಸಲೀಸಾಗಿ ಕೂತುಬಿಡುತ್ತದೆ, ಆದರೆ ಕೆಲಸ ಮಾಡದೇ ಇರಬಹುದು. ಹಾಗಾಗಿ ನಿಮ್ಮ ಮಾಡೆಲ್ಲಿನ ಸರ್ವೀಸ್ ಮ್ಯಾನ್ಯುಯಲ್ ಕಂಪನಿಯ ವೆಬ್‌ಸೈಟಿನಲ್ಲಿ ನೋಡಿ. ಅಂಗಡಿಯವರ 'ಆಗುತ್ತೆ ಸಾರ್' ನಂಬಬೇಡಿ.

ವೇಗದ ಲೆಕ್ಕಕ್ಕೆ ಮರುಳಾಗಬೇಡಿ. ಸಾಟಾ ಸೆಕೆಂಡಿಗೆ ಸುಮಾರು 550 ಎಂಬಿ, ಎನ್‌ವಿಎಂಇ 3000 ಎಂಬಿಗಿಂತ ಜಾಸ್ತಿ, ನಿಜ. ಆದರೆ ವರ್ಡ್, ಟ್ಯಾಲಿ, ಬ್ರೌಸರ್ ಬಳಸುವವರಿಗೆ ಆ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ. ಸಾಟಾ ಜಾಗ ಮಾತ್ರ ಇದ್ದರೆ ಬೇಜಾರು ಬೇಡ.

ಆನ್‌ಲೈನಿನಲ್ಲಿ ಸಾವಿರ ಚಿಲ್ಲರೆ ರೂಪಾಯಿಗೆ '2 ಟಿಬಿ' ಸಿಗುತ್ತದಲ್ಲ, ಅದನ್ನು ಮುಟ್ಟಲೇಬೇಡಿ. ಒಳಗೆ ಸಣ್ಣ ಮೆಮೊರಿ ಕಾರ್ಡ್ ಅಂಟಿಸಿ, 2 ಟಿಬಿ ಇದೆ ಎಂದು ಸುಳ್ಳು ಹೇಳಿಸಿರುತ್ತಾರೆ. ಪರಿಚಿತ ಬ್ರ್ಯಾಂಡಿನ 500 ಜಿಬಿ ಸಾಕು. ಬೆಂಗಳೂರಿನವರು ಎಸ್.ಪಿ. ರೋಡಿಗೆ ಹೋದರೆ ನಾಲ್ಕು ಕಡೆ ರೇಟ್ ಕೇಳಿ, ಬಿಲ್ ಬಿಡಬೇಡಿ. ಬಿಲ್ ಇಲ್ಲದಿದ್ದರೆ ವಾರಂಟಿ ಕೇಳಲು ಹೋದಾಗ ಪೇಚಾಡಬೇಕಾಗುತ್ತದೆ. ಹಾಕಿದ ಮೇಲೆ 465 ಜಿಬಿ ಅಂತ ತೋರಿಸಿದರೆ ಮೋಸ ಅಲ್ಲ. ಕಂಪನಿ ಸಾವಿರದ ಲೆಕ್ಕದಲ್ಲಿ ಎಣಿಸುತ್ತದೆ, ವಿಂಡೋಸ್ 1024ರ ಲೆಕ್ಕದಲ್ಲಿ.

ಹಂತ 2: ಫೈಲುಗಳ ನಕಲು

ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಎಲ್ಲರಿಗೂ ನೆನಪಿರುತ್ತವೆ. ಮರೆಯುವುದು ಟ್ಯಾಲಿಯ ಡೇಟಾ ಫೋಲ್ಡರ್, ಬ್ರೌಸರಿನ ಬುಕ್‌ಮಾರ್ಕು, ನುಡಿ ಅಥವಾ ಬರಹದ ಹಳೇ ಫಾಂಟುಗಳು. ಆ ಫಾಂಟುಗಳಿಲ್ಲದಿದ್ದರೆ ಹತ್ತು ವರ್ಷದ ಹಿಂದಿನ ನಿಮ್ಮ ಕನ್ನಡ ಕಡತಗಳು ಗೀಚುಬರಹದಂತೆ ಕಾಣುತ್ತವೆ.

ಡಿಸ್ಕಿಗೆ ಬೀಗ ಹಾಕಿಡುವ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಷನ್ ಆನ್ ಆಗಿದೆಯಾ ಅಂತಲೂ ಈಗಲೇ ನೋಡಿ. ಆಗಿದ್ದರೆ ಮೈಕ್ರೋಸಾಫ್ಟ್ ಅಕೌಂಟಿಗೆ ಲಾಗಿನ್ ಆಗಿ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಇಲ್ಲದಿದ್ದರೆ ನಾಳೆ ಆ ಹಳೇ ಡಿಸ್ಕ್ ಬೇರೆಲ್ಲೂ ತೆರೆಯುವುದಿಲ್ಲ.

ಹಳೇ ಡಿಸ್ಕನ್ನು ಇದ್ದಂತೆ ಕ್ಲೋನ್ ಮಾಡಬಾರದೇ ಎಂದು ಕೇಳುತ್ತಾರೆ. ಮಾಡಬಹುದು. ನಾನು ಮಾಡುವುದಿಲ್ಲ. ಎಂಟು ವರ್ಷದ ಕಸವನ್ನು ಹೊಸ ಮನೆಗೆ ಯಾಕೆ ಹೊತ್ತುಕೊಂಡು ಹೋಗಬೇಕು?

ಹಂತ 3: ಪೆನ್‌ಡ್ರೈವ್

ಎಸ್‌ಎಸ್‌ಡಿಗೆ ವಿಂಡೋಸ್ ಹಾಕಲು ಇದು ಬೇಕು. ಕನಿಷ್ಠ 8 ಜಿಬಿಯದು, ಖಾಲಿ ಇರಲಿ. ಮೈಕ್ರೋಸಾಫ್ಟ್ ಸೈಟಿನಿಂದ ಮೀಡಿಯಾ ಕ್ರಿಯೇಷನ್ ಟೂಲ್ ಇಳಿಸಿ, ಅದು ಹೇಳಿದಂತೆ ಮಾಡಿ. ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ಹಾಗಾಗಿ 11 ಹಾಕಿ. ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಲ್ಯಾಪ್‌ಟಾಪಿನಲ್ಲಿ ಇರಬೇಕು. ಪ್ರೊಸೆಸರ್ ಇಂಟೆಲ್ ಆದರೆ 8ನೇ ತಲೆಮಾರು ಅಥವಾ ಅದರ ನಂತರದ್ದಾಗಿರಬೇಕು. ಅದಕ್ಕಿಂತ ಹಳೆಯದಾ? ವಿಂಡೋಸ್ ಬದಲು ಉಚಿತವಾಗಿ ಸಿಗುವ ಲಿನಕ್ಸ್ ಮಿಂಟ್ ಹಾಕಿಕೊಂಡು ನೆಮ್ಮದಿಯಾಗಿರಿ. 'ಕ್ರ್ಯಾಕ್ ಹಾಕಿಕೊಡ್ತೀನಿ' ಎನ್ನುವವರನ್ನು ಮನೆಯೊಳಗೆ ಬಿಟ್ಟುಕೊಳ್ಳಬೇಡಿ.

ಹಂತ 4: ಬಿಚ್ಚುವುದು

ಇದು ಸುಲಭ. ಪೂರ್ತಿ ಶಟ್‌ಡೌನ್ ಮಾಡಿ, ಚಾರ್ಜರ್ ಕಿತ್ತು, ಸ್ಕ್ರೂ ತೆಗೆಯಿರಿ. ರಬ್ಬರ್ ಕಾಲಿನ ಕೆಳಗೂ ಸ್ಕ್ರೂ ಅಡಗಿರಬಹುದು. ಎಲ್ಲ ಸ್ಕ್ರೂ ಒಂದೇ ಉದ್ದ ಇರುವುದಿಲ್ಲ, ಕಾಗದದ ಮೇಲೆ ಚಿತ್ರ ಬರೆದು ಆಯಾ ಜಾಗದಲ್ಲಿ ಅಂಟಿಸಿಡಿ. ಮುಚ್ಚಳ ಎಬ್ಬಿಸಲು ಹಳೇ ಎಟಿಎಂ ಕಾರ್ಡ್ ಸಾಕು. ಮೊದಲ ಕೆಲಸ ಬ್ಯಾಟರಿ ಕನೆಕ್ಟರ್ ಬಿಡಿಸುವುದು. ಎಂ.2 ಆದರೆ ಓರೆಯಾಗಿ ತೂರಿಸಿ, ಒತ್ತಿ, ಸ್ಕ್ರೂ ಬಿಗಿ ಮಾಡಿ. ಆ ಪುಟಾಣಿ ಸ್ಕ್ರೂ ಎಷ್ಟೋ ಲ್ಯಾಪ್‌ಟಾಪಿನಲ್ಲಿ ಇರುವುದೇ ಇಲ್ಲ, ಅಂಗಡಿಯಲ್ಲೇ ಕೇಳಿ ತನ್ನಿ.

ಹಂತ 5: ಎಲ್ಲರೂ ಕೆಡಿಸುವ ಪರದೆ

ಎಂ.2ಗೆ ಬೇರೆ ಜಾಗ ಇದ್ದರೆ ಹಳೇ ಹಾರ್ಡ್ ಡಿಸ್ಕ್ ಅಲ್ಲೇ ಇರಲಿ ಅನಿಸುತ್ತದೆ. ಬೇಡ. ಇನ್‌ಸ್ಟಾಲ್ ಮುಗಿಯುವ ತನಕ ಅದರ ಕನೆಕ್ಷನ್ ಕಿತ್ತಿಡಿ.

ಕಾರಣ ಕೇಳಿ. ಲ್ಯಾಪ್‌ಟಾಪ್ ಏಳಲು ಡಿಸ್ಕಿನಲ್ಲಿ ಸಣ್ಣದೊಂದು ಪಾಲು, ಅಂದರೆ ಬೂಟ್ ಪಾರ್ಟಿಷನ್ ಬೇಕು, 'ಸಿಸ್ಟಮ್' ಎಂಬ ಹೆಸರಿನದು. ಹಳೇ ಡಿಸ್ಕಿನಲ್ಲಿ ಅದು ಈಗಾಗಲೇ ಇದ್ದರೆ, ವಿಂಡೋಸ್ ಹೊಸದು ಮಾಡುವ ಗೋಜಿಗೆ ಹೋಗದೆ ಬೂಟ್ ಫೈಲುಗಳನ್ನು ಅಲ್ಲೇ ಇಟ್ಟುಬಿಡಬಹುದು. ವಿಂಡೋಸ್ ಎಸ್‌ಎಸ್‌ಡಿಯಲ್ಲಿ, ಬೀಗದ ಕೈ ಹಳೇ ಡಿಸ್ಕಿನಲ್ಲಿ. ಭಾವ ಆ ಕೀಲಿಯನ್ನೇ ಕಿತ್ತುಹಾಕಿದ್ದರು. ಹಳೇ ಡಿಸ್ಕ್ ವಾಪಸ್ ಹಾಕಿದೆ, ತಕ್ಷಣ ಎದ್ದಿತು.

ಇನ್ನೊಂದು ಅಪಾಯ ಇನ್ನೂ ದೊಡ್ಡದು. ವಿಂಡೋಸ್ ಯಾವ ಡಿಸ್ಕಿಗೆ ಹಾಕಬೇಕು ಎಂದು ಕೇಳುವ ಪರದೆಯ ಮೇಲೆ ಎರಡೂ ಡಿಸ್ಕಿನ ಪಾರ್ಟಿಷನ್‌ಗಳು ಒಟ್ಟಿಗೆ ಬರುತ್ತವೆ. ಡಿಸ್ಕ್ 0, ಡಿಸ್ಕ್ 1 ಎಂಬ ಅಂಕಿ, ಗಾತ್ರ ಬಿಟ್ಟರೆ ಹೆಚ್ಚಿನ ಗುರುತಿಲ್ಲ. ಗಾಬರಿಯಲ್ಲಿ ಡಿಲೀಟ್ ಒತ್ತಿ ಮಗಳ ನಾಮಕರಣದ ಫೋಟೊ ಕಳೆದುಕೊಂಡವರನ್ನು ನೋಡಿದ್ದೇನೆ. ಹಳೆಯದು ಹೊರಗಿದ್ದರೆ ಅಳಿಸಲು ಏನೂ ಇರುವುದಿಲ್ಲ.

ಈಗ ಪೆನ್‌ಡ್ರೈವ್ ಹಾಕಿ ಆನ್ ಮಾಡಿ, ಬೂಟ್ ಮೆನು ಕೀ ಒತ್ತುತ್ತಿರಿ. ಡೆಲ್, ಲೆನೊವೊ, ಏಸರ್‌ನಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಅಸೂಸ್‌ನಲ್ಲಿ ಎಸ್ಕೇಪ್. ಪೆನ್‌ಡ್ರೈವ್ ಎರಡು ಸಲ ಕಂಡರೆ ಯುಇಎಫ್‌ಐ ಎಂದಿರುವುದನ್ನು ಆರಿಸಿ. ಪ್ರಾಡಕ್ಟ್ ಕೀ ಕೇಳಿದರೆ 'ನನ್ನ ಬಳಿ ಇಲ್ಲ' ಎನ್ನುವ ಆಯ್ಕೆ ಒತ್ತಿ. ಒಳಗಿದ್ದದ್ದು ಅಸಲಿ ವಿಂಡೋಸ್ ಆಗಿದ್ದರೆ ಲೈಸೆನ್ಸ್ ಮದರ್‌ಬೋರ್ಡಿಗೆ ಅಂಟಿಕೊಂಡಿರುತ್ತದೆ, ನೆಟ್ ಸಿಕ್ಕ ಮೇಲೆ ತಾನೇ ಆ್ಯಕ್ಟಿವೇಟ್ ಆಗುತ್ತದೆ. ಆದರೆ ಮುಂಚೆ ಇದ್ದ ಎಡಿಷನ್ನೇ ಹಾಕಬೇಕು. ನಮ್ಮಲ್ಲಿ ಮಾರುವ ಎಷ್ಟೋ ಲ್ಯಾಪ್‌ಟಾಪಿನಲ್ಲಿ 'ಹೋಮ್ ಸಿಂಗಲ್ ಲ್ಯಾಂಗ್ವೇಜ್' ಇರುತ್ತದೆ. ಪ್ರೊ ಹಾಕಿದರೆ ಆಗುವುದಿಲ್ಲ.

ಡಿಸ್ಕಿನ ಪರದೆಯಲ್ಲಿ ಈಗ ಎಸ್‌ಎಸ್‌ಡಿಯದು ಒಂದೇ ಸಾಲು: 'ಅನಲೊಕೇಟೆಡ್ ಸ್ಪೇಸ್'. ಅದನ್ನು ಆರಿಸಿ ನೆಕ್ಸ್ಟ್ ಒತ್ತಿ. ಬೇರೇನೂ ಮಾಡಬೇಡಿ. ಬೇಕಾದ ಪಾರ್ಟಿಷನ್ ಅದೇ ಮಾಡಿಕೊಳ್ಳುತ್ತದೆ. 500 ಜಿಬಿಯನ್ನು ಸಿ, ಡಿ, ಇ ಎಂದು ಅಣ್ಣ ತಮ್ಮಂದಿರ ಆಸ್ತಿಯಂತೆ ಪಾಲು ಮಾಡುವ ಚಾಳಿ ಬಿಡಿ. ವರ್ಷದಲ್ಲಿ ಸಿ ತುಂಬಿ, ಇ ಖಾಲಿ ಹೊಡೆಯುತ್ತಿರುತ್ತದೆ.

ಒಂದು ಸಾಲೂ ಕಾಣದಿದ್ದರೆ? ಎಸ್‌ಎಸ್‌ಡಿ ಕೆಟ್ಟಿದೆ ಎಂದು ಅಂಗಡಿಗೆ ಓಡಬೇಡಿ. ಇಂಟೆಲ್ 11ನೇ ತಲೆಮಾರಿನಿಂದೀಚೆಗೆ ವಿಎಂಡಿ ಎಂಬ ವ್ಯವಸ್ಥೆ ಎಸ್‌ಎಸ್‌ಡಿಯನ್ನು ಸೆಟಪ್‌ನ ಕಣ್ಣಿಂದ ಮರೆಮಾಡುವುದುಂಟು. ಲ್ಯಾಪ್‌ಟಾಪ್ ಕಂಪನಿಯ ಸೈಟಿನಿಂದ ಇಂಟೆಲ್ ಆರ್‌ಎಸ್‌ಟಿ ಡ್ರೈವರ್ ಇಳಿಸಿ, ಜಿಪ್ ಬಿಚ್ಚಿ, ಪೆನ್‌ಡ್ರೈವಿಗೆ ಹಾಕಿ. 'ಲೋಡ್ ಡ್ರೈವರ್' ಒತ್ತಿ ಆ ಫೋಲ್ಡರ್ ತೋರಿಸಿದರೆ ಎಸ್‌ಎಸ್‌ಡಿ ಪ್ರತ್ಯಕ್ಷ.

ಮೊದಲ ಸಲ ರೀಸ್ಟಾರ್ಟ್ ಆದಾಗ ಮತ್ತೆ ಮೊದಲಿಂದ ಶುರುವಾದರೆ ಪೆನ್‌ಡ್ರೈವ್ ಕೀಳಿ.

ಹಂತ 6: ಆಮೇಲೆ

ವೈಫೈ ಕಾಣದಿದ್ದರೆ ಮೊಬೈಲನ್ನು ಕೇಬಲ್ಲಿನಿಂದ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ವಿಂಡೋಸ್ ಅಪ್‌ಡೇಟ್ ಓಡಿಸಿ. 'ಎಸ್‌ಎಸ್‌ಡಿ ಬೂಸ್ಟರ್' ಮುಂತಾದ ಸಾಫ್ಟ್‌ವೇರ್ ಬೇಡವೇ ಬೇಡ.

ಹಳೇ ಡಿಸ್ಕನ್ನು ಯುಎಸ್‌ಬಿ ಕೇಸಿನಲ್ಲಿ ಹಾಕಿ ಒಂದು ತಿಂಗಳು ಹಾಗೇ ಇಡಿ. ಮರೆತ ಫೈಲು ಯಾವುದಾದರೂ ಇದ್ದೇ ಇರುತ್ತದೆ. ಯಾರಿಗಾದರೂ ಕೊಡುವುದಾದರೆ 'ಕ್ವಿಕ್ ಫಾರ್ಮ್ಯಾಟ್' ಟಿಕ್ ತೆಗೆದು ಪೂರ್ತಿ ಫಾರ್ಮ್ಯಾಟ್ ಮಾಡಿ. ಗಂಟೆಗಟ್ಟಲೆ ಹಿಡಿಯುತ್ತದೆ, ರಾತ್ರಿ ಹಚ್ಚಿ ಮಲಗಿಬಿಡಿ.