ಹುಂಡಿಯ ಚಿಲ್ಲರೆಗೆ ತೂಕದ ಲೆಕ್ಕ

ನಮ್ಮೂರ ದೇವಸ್ಥಾನದ ಹುಂಡಿ ಎಣಿಕೆಯಲ್ಲಿ ಚಿಲ್ಲರೆ ನನ್ನ ಪಾಲಿನ ಕೆಲಸ. ನೋಟು ಬೇಗ ಮುಗಿಯುತ್ತೆ. ನಾಣ್ಯ ಹಾಗಲ್ಲ, ಒಂದೊಂದೇ ಎಣಿಸ್ತಾ ಕೂತರೆ ಮಧ್ಯೆ ಯಾರೋ ಮಾತಾಡಿಸಿದರೂ ಲೆಕ್ಕ ತಪ್ಪುತ್ತೆ. ಅದಕ್ಕೇ ನಾನು ತೂಗಿ ಎಣಿಸುತ್ತೇನೆ.

ಈಗ ಕೈಗೆ ಸಿಗುವ ಒಂದು ರೂಪಾಯಿಗಳಲ್ಲಿ 2011ರ ಮಾದರಿಯದು 3.79 ಗ್ರಾಂ. ಅಂದರೆ ನೂರಕ್ಕೆ 379 ಗ್ರಾಂ. ಆಮೇಲೆ ಬಂದ 2019ರ ಮಾದರಿ ಇನ್ನೂ ಚಿಕ್ಕದು, ನೂರಕ್ಕೆ 309 ಗ್ರಾಂ. ಒಂದು ಗ್ರಾಂವರೆಗೆ ತೋರಿಸುವ ಎಲೆಕ್ಟ್ರಾನಿಕ್ ತಕ್ಕಡಿ ಇದ್ದರೆ ಸಾಕು. ನೂರರಲ್ಲಿ ಒಂದು ಕಮ್ಮಿಯಾದರೂ ಮೂರು ಗ್ರಾಂ ಇಳಿದು ಗೊತ್ತಾಗುತ್ತೆ. ಸಾವಿರ ನಾಣ್ಯ ಒಟ್ಟಿಗೆ ಸುರಿಯಬೇಡಿ. ಸವೆದ ನಾಣ್ಯಗಳ ಚೂರುಪಾರು ಕೊರತೆ ಸೇರಿ ಒಂದೆರಡು ನಾಣ್ಯದಷ್ಟೇ ಆಗಿಬಿಡುತ್ತೆ.

ತೂಕಕ್ಕಿಂತ ವಿಂಗಡಣೆಯೇ ದೊಡ್ಡ ಕೆಲಸ. 1992ರಿಂದ ಬಂದ ಹಳೆಯ ಸ್ಟೀಲಿನ ಒಂದು ರೂಪಾಯಿ 25 ಮಿಲಿಮೀಟರ್ ಅಗಲ, 4.85 ಗ್ರಾಂ. 2011ರ ಎರಡು ರೂಪಾಯಿಯೂ 25 ಮಿಲಿಮೀಟರ್, 4.85 ಗ್ರಾಂ, ಅದೇ ಸ್ಟೀಲು! ಎರಡೂ ಬೆರೆತರೆ ತಕ್ಕಡಿಗೆ ವ್ಯತ್ಯಾಸವೇ ಗೊತ್ತಾಗಲ್ಲ. 485 ಗ್ರಾಂ ಅಂದರೆ ನೂರು ರೂಪಾಯಿಯೂ ಇರಬಹುದು, ಇನ್ನೂರೂ ಇರಬಹುದು. ಹಳೆಯ ಸ್ಟೀಲಿನ ಎಂಟಾಣೆಗೂ 2011ರ ಒಂದು ರೂಪಾಯಿಗೂ ಇದೇ ಕಥೆ, ಎರಡೂ 3.79 ಗ್ರಾಂ. ದುಡ್ಡಿನ ಬೆಲೆ ಇಳಿದಂತೆ ಪ್ರತಿ ನಾಣ್ಯವೂ ತನ್ನ ಕೆಳಗಿನದರ ಅಳತೆಗೆ ಬಂದು ನಿಂತಿದೆ ನೋಡಿ. ಇಲ್ಲಿ ಕಣ್ಣನ್ನೇ ನಂಬಬೇಕು. 2011ರ ನಾಣ್ಯದ ಮೇಲೆ ರೂಪಾಯಿಯ ಹೊಸ ಚಿಹ್ನೆ ಇರುತ್ತೆ, ಹಳೆಯದರ ಮೇಲೆ ಇರಲ್ಲ. ನಾನು ಮೊದಲು ನೋಡುವುದೇ ಅದನ್ನು.

ಐದು ರೂಪಾಯಿಗೆ ಬೇರೆ ಉಪಾಯ. ದಪ್ಪನೆಯ ಹಳೆಯದು ತಾಮ್ರ-ನಿಕ್ಕಲ್ಲಿನದು, 9 ಗ್ರಾಂ. ಆಮೇಲಿನ ಸ್ಟೀಲಿನದು, ಹಳದಿ ಬಣ್ಣದ್ದು ಎರಡೂ 6 ಗ್ರಾಂ. ಅಗಲ ಮೂರಕ್ಕೂ ಒಂದೇ, 23 ಮಿಲಿಮೀಟರ್. ಆರು ಗ್ರಾಮಿನ ಗುಂಪಿಗೆ ದಪ್ಪನೆಯವು ಎರಡು ಸೇರಿದರೆ ತಕ್ಕಡಿ ಒಂದು ನಾಣ್ಯ ಜಾಸ್ತಿ ಲೆಕ್ಕ ಕೊಡುತ್ತೆ. ಮ್ಯಾಗ್ನೆಟ್ ಆಡಿಸಿದರೆ ಸ್ಟೀಲಿನವು ಅಂಟಿಕೊಂಡು ಬರುತ್ತವೆ. ಉಳಿದವುಗಳಲ್ಲಿ ಹಳದಿಯವನ್ನೂ ದಪ್ಪನೆಯವನ್ನೂ ಬೇರೆ ಮಾಡುವುದು ಸುಲಭ.

ಹುಂಡಿಯ ನಾಣ್ಯಕ್ಕೆ ಕುಂಕುಮ, ಎಣ್ಣೆ ಮೆತ್ತಿರುತ್ತೆ. ಅದೂ ತೂಗುತ್ತೆ. ಬಿಸಿನೀರಿಗೆ ಸ್ವಲ್ಪ ಸೋಪಿನ ಪುಡಿ ಹಾಕಿ ತೊಳೆದು, ಬಟ್ಟೆ ಮೇಲೆ ಹರಡಿ, ಪೂರ್ತಿ ಒಣಗಿದ ಮೇಲೆಯೇ ತಕ್ಕಡಿಗೆ ಹಾಕಿ.

ವಿಂಗಡಿಸಿದ ಮೇಲೆ ಒಂದು ಅಂದಾಜು ಹಾಕಿಕೊಳ್ಳುತ್ತೇನೆ. 2011ರ ಒಂದು ರೂಪಾಯಿ ಕಿಲೋಗೆ ಸುಮಾರು 264 ರೂಪಾಯಿ. ಆರು ಗ್ರಾಮಿನ ಐದರದ್ದು 833. ಹತ್ತರದ್ದು 1,300ರ ಹತ್ತಿರ. ಕೊನೆಯ ಮೊತ್ತ ಇದರಿಂದ ತುಂಬಾ ದೂರ ಹೋದರೆ ಎಲ್ಲೋ ಬೆರಕೆಯಾಗಿದೆ ಅಂತಲೇ ಅರ್ಥ.

ನೂರು ನೂರರ ಪ್ಲಾಸ್ಟಿಕ್ ಪೊಟ್ಟಣ ಕಟ್ಟಿದರೆ ಬ್ಯಾಂಕಿಗೂ ಅನುಕೂಲ. ಒಂದು, ಎರಡು ರೂಪಾಯಿ ನಾಣ್ಯಗಳನ್ನು ತೂಗಿ ತೆಗೆದುಕೊಳ್ಳುವುದು ಒಳ್ಳೆಯದು, ನೂರರ ಪೊಟ್ಟಣವಾದರೆ ಇಬ್ಬರಿಗೂ ಸಲೀಸು ಅಂತ ರಿಸರ್ವ್ ಬ್ಯಾಂಕೇ ಬ್ಯಾಂಕುಗಳಿಗೆ ಹೇಳಿದೆ. ಎಂಟಾಣೆ ಇಂದಿಗೂ ಚಲಾವಣೆಯಲ್ಲಿದೆ, ಅದಕ್ಕೂ ಒಂದು ಪೊಟ್ಟಣ ಇಡಿ. ನಾಲ್ಕಾಣೆ ಮತ್ತು ಅದಕ್ಕಿಂತ ಚಿಕ್ಕವು 2011ರ ಜೂನ್ 30ಕ್ಕೇ ರದ್ದಾದವು, ಅವನ್ನು ಲೆಕ್ಕದಿಂದ ಹೊರಗಿಡಿ.