ನನ್ನ ಕೇಪಿನ ಕೋವಿ, ಸುಟ್ಟ ಬಟ್ಟೆ ಚೂರುಗಳು

ಮೊದಲನೇ ದಿನಾನೇ ಮಾನ ಹೋಗಿದ್ದು, ಅದನ್ನೇ ಮೊದಲು ಹೇಳ್ಬಿಡ್ತೀನಿ. ನನ್ನದು ಹಳೇ ಕಾಲದ ಥರದ ಕೋವಿ, ನಳಿಗೆ ಬಾಯಿಯಿಂದಲೇ ಮದ್ದು, ಬಟ್ಟೆ ಚೂರು, ಗುಂಡು ಹಾಕಿ ಗಜ ಅನ್ನೋ ಕೋಲಲ್ಲಿ ತಳಕ್ಕೆ ದೂಡ್ಬೇಕು. ಹಿಂದೆ ನಿಪ್ಪಲ್ ಅಂತ ತೂತಿರೋ ಸಣ್ಣ ಮೊಳೆ, ಅದರ ಮೇಲೆ ಕೇಪು, ಅಂದ್ರೆ ಏಟು ಬಿದ್ರೆ ಸಿಡಿಯೋ ಪುಟ್ಟ ಟೊಪ್ಪಿ, ಅದರ ಕಿಡಿ ಒಳಗೆ ಹೋಗಿ ಮದ್ದು ಹತ್ತೋದು. ಮೂರನೇ ಈಡಿಗೆ ಕೇಪು ಟಪ್ ಅಂತು ಅಷ್ಟೇ, ಹೊಗೆನೂ ಇಲ್ಲ ಸದ್ದೂ ಇಲ್ಲ. ನಳಿಗೆ ಟಾರ್ಗೆಟ್ ಕಡೆಗೇ ಇಟ್ಕೊಂಡು ಒಂದು ನಿಮಿಷ ಕಾದೆ, ಇನ್ನೊಂದು ಕೇಪು ಹಾಕಿದೆ, ಮತ್ತೆ ಟಪ್. ಪಕ್ಕದ ಬೆಂಚಲ್ಲಿ ಕೂತಿದ್ದ ಹಿರಿಯರೊಬ್ರು ತಲೆ ಎತ್ತದೇನೇ ಕೇಳಿದ್ರು, "ಮದ್ದು ಹಾಕಿದ್ಯೇನಪ್ಪಾ?" ಹಾಕಿರ್ಲಿಲ್ಲ. ಯಾರ ಜೊತೆನೋ ಮಾತಾಡ್ತಾ ಬಟ್ಟೆ ಇಟ್ಟು ಗುಂಡು ಇಟ್ಟು ಗಜದಲ್ಲಿ ತಳದವರೆಗೂ ನೀಟಾಗಿ ದೂಡಿದ್ದೆ, ಕೆಳಗೆ ಮಾತ್ರ ಖಾಲಿ.

ಅವರು ನಗಲಿಲ್ಲ, ಅದು ಅವರ ದೊಡ್ಡತನ. ನಿಪ್ಪಲ್ ಬಿಚ್ಚಿಸಿದ್ರು, ಆ ತೂತಿಂದ ಚಿಟಿಕೆ ಚಿಟಿಕೆ ಮದ್ದು ಒಳಗೆ ಹೋಗೋ ಹಾಗೆ ತಟ್ಟಿ ತಟ್ಟಿ ತುಂಬಿಸಿದ್ರು, ನಿಪ್ಪಲ್ ವಾಪಸ್ ಕೂರಿಸಿ ಆದ್ಮೇಲೆ ಗುಂಡು ಮೇಲೆ ಸರಿದಿಲ್ಲ ಅಂತ ಗಜ ಹಾಕಿ ಇನ್ನೊಂದ್ಸಲ ಒತ್ತಿ ನೋಡಿದ್ರು, ಆಮೇಲೆ ಕೇಪು. ಗುಂಡು ಉಗಿದಂಗೆ ಆಚೆ ಬಂದು ಸ್ವಲ್ಪ ದೂರದಲ್ಲೇ ಮಣ್ಣಿಗೆ ಬಿತ್ತು. ಅವತ್ತೇ ಗಜದ ಮೇಲೆ ಎರಡು ಗೆರೆ ಕೊರೆದೆ, ನಳಿಗೆ ಖಾಲಿ ಇದ್ದಾಗ ಗಜ ಎಲ್ಲಿವರೆಗೆ ಇಳಿಯುತ್ತೆ ಅನ್ನೋದಕ್ಕೆ ಒಂದು, ಸರಿಯಾಗಿ ತುಂಬಿದಾಗ ಎಲ್ಲಿ ನಿಲ್ಲುತ್ತೆ ಅನ್ನೋದಕ್ಕೆ ಇನ್ನೊಂದು. ಎರಡನೇ ಗೆರೆ ನಳಿಗೆ ಬಾಯಿಗೆ ಸಮ ಬರದೇ ನಾನು ಕೇಪು ಮುಟ್ಟಲ್ಲ. ಮದ್ದಿಗೂ ಗುಂಡಿಗೂ ನಡುವೆ ಜಾಗ ಉಳಿದ್ರೆ ನಳಿಗೆನೇ ಉಬ್ಬಬಹುದು, ಒಡೆಯಲೂಬಹುದು, ಅದಕ್ಕೇ ಈ ಗೆರೆ ವಿಷಯದಲ್ಲಿ ನಾನು ಸ್ವಲ್ಪ ಹಠಮಾರಿ.

ನನ್ನದು ಪಾಯಿಂಟ್ 50 ಕ್ಯಾಲಿಬರ್, ಅಂದ್ರೆ ನಳಿಗೆ ಒಳಗೆ ಅರ್ಧ ಇಂಚು, 12.7 ಮಿಲಿಮೀಟರ್, ರೈಫ್ಲಿಂಗ್ ಇರೋದು, ಅಂದ್ರೆ ಗುಂಡು ತಿರುಗೋ ಹಾಗೆ ಒಳಗೆ ಸುರುಳಿ ಗೆರೆ ಕೊರೆದಿರೋದು. ಗುಂಡು ಪಾಯಿಂಟ್ 490 ಇಂಚು, ಸುಮಾರು 177 ಗ್ರೇನ್ ತೂಗುತ್ತೆ, ಅಂದ್ರೆ ಹನ್ನೊಂದೂವರೆ ಗ್ರಾಂ. ಗುಂಡು ನಳಿಗೆಗಿಂತ ಸಣ್ಣದು ಅನ್ನೋದೇ ಇದರಲ್ಲಿ ಮಜಾ, ಆ ಸಂದಿ ತುಂಬೋದು ಎಣ್ಣೆ ಮೇಣ ಸವರಿದ ಒಂದು ಬಟ್ಟೆ ಚೂರು. ಗುಂಡನ್ನ ತಿರುಗಿಸೋದೂ ಅದೇ, ಹಿಂದಿನ ಬೆಂಕಿ ಮುಂದೆ ನುಗ್ಗದ ಹಾಗೆ ತಡೆಯೋದೂ ಅದೇ. ಇದು ನನಗೆ ತಲೆಗೆ ಹತ್ತೋಕೆ ಆರು ತಿಂಗಳು ಬೇಕಾಯ್ತು.

ಆ ಆರು ತಿಂಗಳು ನಾನೇನು ಮಾಡ್ತಿದ್ದೆ ಅಂದ್ರೆ ಬರೀ ಸೈಟ್ ತಿರುಗಿಸ್ತಿದ್ದೆ. 50 ಮೀಟರಲ್ಲಿ ಐದು ಈಡು ಹೊಡೆದ್ರೆ ದೊಡ್ಡ ತಟ್ಟೆಯಷ್ಟು ಅಗಲಕ್ಕೆ ಚದುರೋದು, ಒಂದು ಎಡಕ್ಕೆ ಹೋದ್ರೆ ಇನ್ನೊಂದು ಕೆಳಗೆ. ಸೈಟ್ ಸರಿ ಇಲ್ಲ ಅಂದೆ, ಟ್ರಿಗರ್ ಬಿಗಿ ಅಂದೆ, ಕೊನೆಗೆ ಕನ್ನಡಕದ ನಂಬರೂ ಬದಲಾಯಿಸಿದೆ. ಒಂದಿನ ಫೈರಿಂಗ್ ನಿಂತಾಗ ಅದೇ ಹಿರಿಯರು ಟಾರ್ಗೆಟ್ ಕಡೆ ನೋಡೋದು ಬಿಟ್ಟು ನನ್ನ ಬೆಂಚಿಂದ ಎಂಟ್ಹತ್ತು ಹೆಜ್ಜೆ ಮುಂದೆ ಹೋಗಿ ಬಗ್ಗಿ ನೆಲದಲ್ಲಿ ಏನೋ ಹುಡುಕ್ತಾ ಇದ್ರು. ಬಂದು ಅಂಗೈ ಬಿಚ್ಚಿದ್ರು, ನಾಲ್ಕು ಬಟ್ಟೆ ಚೂರು. "ಇದನ್ನ ಓದೋಕೆ ಬರುತ್ತಾ?"

ಬರ್ತಿರ್ಲಿಲ್ಲ. ಚೆನ್ನಾಗಿರೋ ಚೂರು ಹೂವಿನ ಥರ ಬಿಚ್ಚಿಕೊಂಡಿರುತ್ತೆ, ನಡುವೆ ಮಸಿ ಬಳಿದ ದುಂಡು ಗುರುತು, ಸುತ್ತ ರೈಫ್ಲಿಂಗ್ ಗೆರೆ ಒತ್ತಿದ ಅಚ್ಚು, ಅಂಚು ಸ್ವಲ್ಪ ಎಳೆ ಎಳೆ ಆಗಿರಬಹುದು, ಆದ್ರೆ ಇನ್ನೊಂದ್ಸಲ ಬಳಸಬಹುದೇನೋ ಅನ್ನೋ ಹಾಗೆ ಇರ್ಬೇಕು. ನನ್ನ ನಾಲ್ಕಕ್ಕೂ ನಟ್ಟ ನಡುವೆ ತೂತು, ತೂತಿನ ಸುತ್ತ ಕಂದು ಬಣ್ಣಕ್ಕೆ ಸುಟ್ಟಿತ್ತು, ಒಂದಂತೂ ಬರೀ ಬಳೆ ಥರ ಉಳಿದಿತ್ತು. ಅಂದ್ರೆ ಗುಂಡು ನಳಿಗೆಯೊಳಗೆ ಇರೋವಾಗ್ಲೇ ಬಟ್ಟೆ ಸುಟ್ಟು ಹೋಗಿ ಬೆಂಕಿ ಪಕ್ಕದಿಂದ ನುಗ್ತಾ ಇತ್ತು, ಪ್ರತಿ ಈಡಿಗೂ ಬೇರೆ ಬೇರೆ ಥರ. ಸುಡದೆ ಗುಂಡಿನ ಸುತ್ತಳತೆಗೆ ಕತ್ತರಿಸಿದ ಹಾಗೆ ಕೊಯ್ದಿದ್ರೆ ಅದು ಬೇರೆ ಕಾಯಿಲೆ, ನಳಿಗೆ ಬಾಯಿ ಅಂಚೋ ರೈಫ್ಲಿಂಗೋ ಹರಿತ ಇದೆ ಅಂತ ಅರ್ಥ.

ಸರಿ, ತಪ್ಪು ಎಲ್ಲಿ ಅಂತ ನೋಡಿದ್ರೆ ನಾನು ಹಳೇ ಟೀ ಶರ್ಟ್ ಕತ್ತರಿಸಿ ಬಳಸ್ತಿದ್ದೆ! ತೆಳು, ಹಿಗ್ಗೋ ಬಟ್ಟೆ, ಅದರಲ್ಲಿ ಪಾಲಿಯೆಸ್ಟರ್ ಬೇರೆ ಸೇರಿತ್ತು, ಅದು ಕರಗುತ್ತೆ. ಒತ್ತೊತ್ತಾಗಿ ನೇಯ್ದ ಶುದ್ಧ ಹತ್ತಿ ಬಟ್ಟೆ ತಂದು, ಗಂಜಿ ಹೋಗೋ ಹಾಗೆ ಎರಡು ಸಲ ಒಗೆದು, ಜೇನುಮೇಣ ಮತ್ತೆ ಆಲಿವ್ ಎಣ್ಣೆ ಕಾಯಿಸಿ ಬೆರೆಸಿ ಉಜ್ಜಿದೆ. ಇಂಜಿನ್ ಆಯಿಲ್, ಗ್ರೀಸ್ ಥರದ್ದು ಬೇಡ, ಕರಿಮದ್ದಿನ ಕಿಟ್ಟದ ಜೊತೆ ಸೇರಿ ಡಾಂಬರ್ ಥರ ಅಂಟುತ್ತೆ. ಸೈಟು, ಮದ್ದು, ಗುಂಡು ಯಾವುದನ್ನೂ ಮುಟ್ಟದೆ ಬಟ್ಟೆ ಒಂದನ್ನೇ ಬದಲಾಯಿಸಿದ್ದು, ಮುಂದಿನ ವಾರ ಐದು ಈಡು ಒಂದು ಮುಷ್ಟಿಯೊಳಗೆ ಕೂತ್ವು. ಅವತ್ತಿಂದ ನಾನೂ ಮೊದಲು ನೆಲ ನೋಡಿ ಆಮೇಲೆ ಟಾರ್ಗೆಟ್ ನೋಡೋದು.

ಇನ್ನು ತುಂಬೋ ಕ್ರಮ. ಮೊದಲು ಗಜ ಇಳಿಸಿ ಖಾಲಿ ಇದೆಯಾ ಅಂತ ಖಾತ್ರಿ, ಒಣ ಬಟ್ಟೆ ಹಾಕಿ ಒಳಗಿನ ಎಣ್ಣೆ ಒರೆಸೋದು, ಆಮೇಲೆ ನಳಿಗೆ ಬಾಯಿಯನ್ನ ಹುಲ್ಲಿನ ಎಸಳಿನ ಹತ್ರ ಹಿಡಿದು ಬರೀ ಕೇಪು ಒಂದೆರಡು ಹೊಡೀತೀನಿ, ಹುಲ್ಲು ಅಲ್ಲಾಡಿದ್ರೆ ನಿಪ್ಪಲಿಂದ ನಳಿಗೆವರೆಗೂ ದಾರಿ ಸ್ವಚ್ಛ. ಮದ್ದನ್ನ ಡಬ್ಬಿಯಿಂದ ನೇರ ನಳಿಗೆಗೆ ಯಾವತ್ತೂ ಸುರಿಯಬೇಡಿ, ಹಿಂದಿನ ಈಡಿನ ಕಿಡಿ ಒಳಗೆ ಉಳಿದಿದ್ರೆ ಕೈಯಲ್ಲಿರೋ ಇಡೀ ಡಬ್ಬಿನೇ ಹೊತ್ಕೊಳ್ಳುತ್ತೆ. ಅಳತೆ ಕೊಳವೆಗೆ ಹಾಕಿ ಅದರಿಂದ ಸುರೀಬೇಕು. ನಾನು ಮನೇಲೇ ಒಂದೊಂದು ಈಡಿನದ್ದು ಸಣ್ಣ ಸಣ್ಣ ಟ್ಯೂಬಲ್ಲಿ ಅಳೆದು ತರ್ತೀನಿ, ಹೀಗೆ ಮಾಡಿದ್ಮೇಲೆ ಮದ್ದು ಮರೆತಿದ್ದೇ ಇಲ್ಲ, ಟ್ಯೂಬ್ ತುಂಬಿದ್ರೆ ಕಾಣುತ್ತಲ್ಲ. 2ಎಫ್ (ಇದು ಮದ್ದಿನ ಕಾಳಿನ ಗಾತ್ರದ ಗುರುತು) ಕರಿಮದ್ದು 50 ಗ್ರೇನಿಂದ ಶುರು ಮಾಡಿ ಐದೈದೇ ಗ್ರೇನ್ ಏರಿಸ್ತಾ ಹೋದೆ, 65ಕ್ಕೆ ನನ್ನ ಕೋವಿ ಖುಷಿಯಾಯ್ತು, ಅಲ್ಲೇ ನಿಲ್ಲಿಸಿದೆ. ಇದು ನನ್ನ ಕೋವಿ ಲೆಕ್ಕ, ನಿಮ್ಮದಕ್ಕೆ ತಯಾರಿಸಿದವರು ಕೊಟ್ಟಿರೋ ಮಿತಿನೇ ಮಿತಿ. ಈಗಿನ ತೋಟಾಗಳಲ್ಲಿರೋ ಸ್ಮೋಕ್‌ಲೆಸ್ ಪೌಡರ್ ಮಾತ್ರ ಒಂದು ಚಿಟಿಕೆನೂ ಬೇಡ, ಆ ಒತ್ತಡಕ್ಕೆ ಈ ನಳಿಗೆ ಮಾಡಿರೋದೇ ಅಲ್ಲ.

ಗುಂಡು ಇಡುವಾಗ ಎರಕದ ತೊಟ್ಟಿನ ಗುರುತು, ಅಂದ್ರೆ ಅಚ್ಚಿಗೆ ಸೀಸ ಹೊಯ್ದ ಕಡೆ ಉಳಿಯೋ ಗುರುತು, ಮೇಲಕ್ಕೆ. ಮರದ ಗಜನ ತುದೀಲಿ ಹಿಡಿದು ಜೋರಾಗಿ ಒತ್ತಬಾರದು, ಒಂದೊಂದು ಗೇಣು ಹಿಡಿದು ಇಳಿಸ್ತಾ ಹೋಗ್ಬೇಕು, ಮುರಿದ್ರೆ ಸಿಗುರು ಸೀದಾ ಅಂಗೈಗೇ ಹೋಗೋದು. ಮುಖ ನಳಿಗೆ ಬಾಯಿ ಮೇಲೆ ಬಗ್ಗಿಸೋದು ಬೇಡ. ಕೇಪು ಎಲ್ಲಕ್ಕಿಂತ ಕೊನೆಗೆ, ಫೈರಿಂಗ್ ಲೈನಲ್ಲಿ ನಿಂತ ಮೇಲೆ. ಎರಡು ಈಡಿನ ನಡುವೆ ಒಂದು ಒದ್ದೆ ಬಟ್ಟೆ, ಒಂದು ಒಣ ಬಟ್ಟೆ ಓಡಿಸ್ತೀನಿ, ಕರಿಮದ್ದು ಅರ್ಧಕ್ಕಿಂತ ಜಾಸ್ತಿ ಹೊಗೆ, ಕಿಟ್ಟ ಆಗೇ ಉಳಿಯೋದು, ಒರೆಸದಿದ್ರೆ ಐದಾರು ಈಡಿಗೆ ಗುಂಡು ಅರ್ಧ ದಾರೀಲೇ ಕಚ್ಚಿಕೊಳ್ಳುತ್ತೆ. ಎಂಎಲ್‌ಎಐಸಿ ಅಂತ ಈ ಹಳೇ ಕೋವಿಗಳ ಅಂತರರಾಷ್ಟ್ರೀಯ ಸ್ಪರ್ಧೆ ನಡೆಸೋ ಸಂಸ್ಥೆ ಇದೆ, ಅವರಲ್ಲಿ 30 ನಿಮಿಷಕ್ಕೆ 13 ಈಡು, ಅದರಲ್ಲಿ ಚೆನ್ನಾಗಿ ಬಿದ್ದ 10 ಲೆಕ್ಕಕ್ಕೆ. ಕೇಳೋಕೆ ಧಾರಾಳ ಟೈಮ್ ಅನ್ಸುತ್ತೆ, ಒರೆಸಿ ತುಂಬಿ ಹೊಡೆಯೋಷ್ಟರಲ್ಲಿ ನನಗೆ 11ಕ್ಕೇ ಉಸಿರು ಮೇಲೆ ಕೆಳಗೆ.

ಕಳೆದ ವರ್ಷದಿಂದ ಕೇಪಿನ ಬದಲು ಚಕಮಕಿ ಕಲ್ಲಿನ ಕಿಡಿಯಿಂದ ಹತ್ತೋ ಕೋವಿನೂ ಹಿಡಿದಿದ್ದೀನಿ. ಕಲ್ಲು ಕಿಡಿ ಕೊಡುತ್ತೆ ಅಂದ್ಕೊಂಡಿದ್ದೆ, ಹಂಗಲ್ಲ, ಕಲ್ಲು ಉಕ್ಕನ್ನ ಕೆರೆಯುತ್ತೆ, ಉರಿಯೋದು ಆ ಉಕ್ಕಿನ ಪುಡಿ. ಆ ಕಿಡಿ ಬೀಳೋದು ನಳಿಗೆ ಪಕ್ಕದ ಪುಟ್ಟ ಬಟ್ಟಲಲ್ಲಿರೋ ಮದ್ದಿಗೆ, ಅಲ್ಲಿಂದ ಒಂದು ಕಿಂಡಿ ಮೂಲಕ ಬೆಂಕಿ ಒಳಗಿನ ಮದ್ದಿಗೆ. ಬಟ್ಟಲಿಗೆ ಮದ್ದು ಜಾಸ್ತಿ ಹಾಕಿದ್ರೆ ಬೇಗ ಹತ್ತುತ್ತೆ ಅನ್ನೋದು ನನ್ನ ಇನ್ನೊಂದು ಬುದ್ಧಿವಂತಿಕೆ. ಕಿಂಡಿ ಮುಚ್ಚೋ ಹಾಗೆ ತುಂಬಿದ್ರೆ ಅದು ಬತ್ತಿ ಥರ ನಿಧಾನಕ್ಕೆ ಉರಿದು ಒಳಗೆ ಹೋಗುತ್ತೆ, ಚಿಸ್ಸ್... ಧಡಾರ್, ಅಷ್ಟರಲ್ಲಿ ನಾನು ಕಣ್ಣು ಮುಚ್ಚಿ ಭುಜ ಅಲ್ಲಾಡಿಸಿ ಆಗಿರುತ್ತೆ. ಕಮ್ಮಿ ಹಾಕಿ, ಕಿಂಡಿಯಿಂದ ಆಚೆ ಸರಿಸಿ ಹಾಕಿದ್ರೆ ಬಟ್ಟಲಿನದ್ದು, ನಳಿಗೆದು ಎರಡೂ ಒಂದೇ ಸದ್ದು ಅನ್ನೋ ಹಾಗೆ ಕೇಳುತ್ತೆ. ಕಣ್ಣು ಮುಚ್ಚೋದು ಇನ್ನೂ ಪೂರ್ತಿ ಹೋಗಿಲ್ಲ, ಸೇಫ್ಟಿ ಗ್ಲಾಸ್ ಹಾಕಿದ್ರೂ.

ತೊಳೆಯೋದು ಅವತ್ತೇ ಆಗ್ಬೇಕು. ಒಂದ್ಸಲ ಸುಸ್ತು ಅಂತ ನಾಳೆಗೆ ಇಟ್ಟೆ, ಈ ಕಿಟ್ಟ ಗಾಳಿಯ ತೇವ ಎಳ್ಕೊಳ್ಳುತ್ತೆ, ಬೆಳಗ್ಗೆ ಹೊತ್ತಿಗೆ ಒಳಗೆ ಕೆಂಪಗೆ. ನಳಿಗೆ ಬಿಚ್ಚಿ ಬುಡವನ್ನ ಬಕೆಟ್ ಉಗುರುಬೆಚ್ಚಗಿನ ಸೋಪು ನೀರಲ್ಲಿಟ್ಟು, ಗಜದ ತುದಿಗೆ ಬಟ್ಟೆ ಸುತ್ತಿ ಮೇಲೆ ಕೆಳಗೆ ಪಂಪ್ ಮಾಡಿದ್ರೆ ನೀರು ಒಳಗೆ ಎಳ್ಕೊಂಡು ಮಸಿಯಾಗಿ ಆಚೆ ಬರುತ್ತೆ, ಕೊಳೆತ ಮೊಟ್ಟೆ ವಾಸನೆ, ಗಂಧಕದ್ದು, ಮನೆಯವರು ಅದಕ್ಕೇ ಹಿತ್ತಲಿಗೆ ಅಟ್ಟಿರೋದು. ಮೊದಮೊದಲು ಕುದಿಯೋ ನೀರು ಹಾಕ್ತಿದ್ದೆ, ಬೇಗ ಒಣಗುತ್ತೆ ನಿಜ, ಆದ್ರೆ ಕಣ್ಣೆದುರೇ ತೆಳ್ಳಗೆ ತುಕ್ಕು ಬಂದ್ಬಿಡುತ್ತೆ. ಒಣಗಿಸಿ ಎಣ್ಣೆ ಹಚ್ಚಿ ಇಟ್ಮೇಲೂ ಮಾರನೇ ದಿನ ಒಂದು ಬಿಳಿ ಬಟ್ಟೆ ಓಡಿಸಿ ನೋಡ್ತೀನಿ. ಮೊನ್ನೆದು ತಿಳಿ ಕಂದು ಬಂತು. ಮತ್ತೆ ಬಕೆಟ್ ಎತ್ಕೊಂಡು ಹಿತ್ತಲಿಗೆ ಹೋದೆ.